‘ಡೋಲ್’ ಪದದ ಕನ್ನಡ ಮೂಲ: ಒಂದು ನಿಘಂಟು ನಮೂದಿನ ವಿಮರ್ಶೆ

ಇಂಗ್ಲಿಷಿನ ಅಪರೂಪದ ಪದಗಳ ಸಂಗ್ರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ‘ಡೋಲ್’ ಏಷ್ಯಾದ ಕಾಡುನಾಯಿಯ ಹೆಸರು. ಡಿ, ಎಚ್, ಓ, ಎಲ್, ಇ ಎಂದು ಬರೆದರೂ ಉಚ್ಚಾರದಲ್ಲಿ ಎಚ್‌ಗೆ ಸ್ಥಾನವಿಲ್ಲ. ಪ್ರಾಣಿಶಾಸ್ತ್ರದ ಹೊರಗಿನ ಓದುಗರಿಗೆ ಇದರ ಪರಿಚಯವಾದದ್ದು ಬಹುಮಟ್ಟಿಗೆ ಕಿಪ್ಲಿಂಗನ ‘ದಿ ಸೆಕೆಂಡ್ ಜಂಗಲ್ ಬುಕ್’ (1895) ಕೃತಿಯ ಮೂಲಕ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದರ ಮೂಲ ಬಹುಶಃ ಕನ್ನಡದ ‘ತೋಳ’ ಎನ್ನುತ್ತದೆ. ಇಂಗ್ಲಿಷಿಗೆ ಕನ್ನಡ ಕೊಟ್ಟ ಪದಗಳ ಪಟ್ಟಿ ಮಾಡುವವರ ಕೈಗೆ ಬಂದಾಗ ಮೊದಲು ಉದುರುವುದು ಆ ‘ಬಹುಶಃ’. ಅದು ಏಕೆ ಉದುರಬಾರದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಧ್ವನಿಯ ಪ್ರಶ್ನೆ. ‘ತೋಳ’ದ ಪದಾದಿ ವ್ಯಂಜನ ಅಘೋಷ, ಅಲ್ಪಪ್ರಾಣ, ದಂತ್ಯ. ಆಂಗ್ಲೋ-ಇಂಡಿಯನ್ ಬರವಣಿಗೆಯಲ್ಲಿ ಡಿ-ಎಚ್ ಜೋಡಿ ಸಾಮಾನ್ಯವಾಗಿ ಸೂಚಿಸುವುದು ಘೋಷ ಮಹಾಪ್ರಾಣವನ್ನು. ‘ಧೋಬಿ’, ‘ಧೋತಿ’ ಪದಗಳ ಕಾಗುಣಿತ ಇದಕ್ಕೆ ಸಾಕ್ಷಿ. ಕನ್ನಡದ ತಕಾರ ಟಿ ಅಥವಾ ಟಿ-ಎಚ್ ಆಗಿ ಹೋಗಬೇಕಿತ್ತು. ಮಲಯಾಳದ ‘ತೇಕ್ಕ’ ಪೋರ್ಚುಗೀಸಿನ ಹಾದಿಯಲ್ಲಿ ‘ಟೀಕ್’ ಆಯಿತು. ಅಲ್ಲಿ ಘೋಷತ್ವ ಎಲ್ಲಿಯೂ ಸೇರಲಿಲ್ಲ. ಕೊನೆಯ ಸ್ವರದ ಲೋಪ, ಳಕಾರ ಲಕಾರವಾಗುವುದು ಇವೆರಡನ್ನೂ ನಾವು ಆಕ್ಷೇಪಿಸುವುದಿಲ್ಲ. ಅವು ಇಂಗ್ಲಿಷಿನಲ್ಲಿ ಸಹಜ.

ಈ ವ್ಯುತ್ಪತ್ತಿಯನ್ನು ಸಮರ್ಥಿಸಬಯಸುವವರಿಗೆ ಒಂದು ಒಳ್ಳೆಯ ವಾದವಿದೆ, ಆದರೆ ಅದನ್ನು ನಿಘಂಟು ಮುಂದಿಟ್ಟಿಲ್ಲ. ‘ಬೆಟ್ಟ’ದೊಡನೆ ‘ತಾವರೆ’ ಸೇರಿ ‘ಬೆಟ್ಟದಾವರೆ’ ಆಗುವಂತೆ ಆದೇಶ ಸಂಧಿಯಲ್ಲಿ ಉತ್ತರಪದದ ತಕಾರ ದಕಾರವಾಗುತ್ತದೆ. ಸಮಾಸವೊಂದರೊಳಗೆ ‘-ದೋಳ’ ಎಂಬ ರೂಪ ಕಿವಿಗೆ ಬಿದ್ದು, ಪೂರ್ವಪದ ಕಳಚಿಹೋಗಿರಬಹುದಲ್ಲವೇ? ಸಾಧ್ಯ. ಆದರೆ ಅಂಥ ಸಮಾಸದ ದಾಖಲೆಯನ್ನು ಮುಂದಿಡದೆ ಹೀಗೆ ವಾದಿಸುವುದೆಂದರೆ ಒಂದು ಊಹೆಗೆ ಇನ್ನೊಂದು ಊಹೆಯನ್ನು ಊರುಗೋಲಾಗಿ ಕೊಡುವುದು.

ಧ್ವನಿಗಿಂತ ದೊಡ್ಡ ತೊಡಕು ಭೂಗೋಳದ್ದು. 19ನೆಯ ಶತಮಾನದ ಮೊದಲ ದಶಕದಲ್ಲಿ ಥಾಮಸ್ ವಿಲಿಯಮ್ಸನ್ ಈ ಹೆಸರನ್ನು ಬಳಸಿದ್ದು ರಾಮಗಢದ, ಎಂದರೆ ಇಂದಿನ ಝಾರ್ಖಂಡಿನ, ಪ್ರಾಣಿಗೆ. (ದ್ರಾವಿಡ ಮೂಲವೇ ಬೇಕೆಂದರೆ ಅಲ್ಲಿ ಕುಡುಖ್ ಭಾಷೆಯಿದೆ, ಅದನ್ನು ಬಿಟ್ಟು ಕನ್ನಡದವರೆಗೆ ಬರುವುದೇಕೆ?) 1827ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಇದನ್ನು ಪೂರ್ವದೇಶಗಳ ಹಲವೆಡೆಯ ಹೆಸರೆಂದ, ಎರಡು ವರ್ಷಗಳ ಬಳಿಕ ತುರ್ಕಿಯ ‘ಹುಚ್ಚು’ ಎಂಬರ್ಥದ ಪದಕ್ಕೆ ತಳಕು ಹಾಕಿದ. 20ನೆಯ ಶತಮಾನದ ಆರಂಭದಲ್ಲಿ ರಿಚರ್ಡ್ ಲಿಡೆಕ್ಕರ್, ಈ ಪ್ರಾಣಿ ಇರುವ ಸೀಮೆಯ ಜನ ಈ ಪದವನ್ನು ಬಳಸುವುದಿಲ್ಲವೆಂದೇ ಬರೆದ. ನಮ್ಮ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಹೆಚ್ಚು ತೂಕದ ಮಾತು ಇದು.

ಇನ್ನು ಅರ್ಥ. ತೋಳವೂ ಕಾಡುನಾಯಿಯೂ ಕನ್ನಡಿಗರಿಗೆ ಎಂದೂ ಒಂದೇ ಪ್ರಾಣಿಯಲ್ಲ. ತೋಳ ಬಯಲುಸೀಮೆಯ ಕುರಿಗಾಹಿಗಳ ಶತ್ರು. ಮಲೆಯ ಕಾಡಿನಲ್ಲಿ ಗುಂಪಾಗಿ ಬೇಟೆಯಾಡುವುದು ಕೆನ್ನಾಯಿ ಅಥವಾ ಸೀಳುನಾಯಿ. ಒಂದು ಹೆಸರು ಬಣ್ಣದಿಂದ, ಇನ್ನೊಂದು ಕೊಲ್ಲುವ ರೀತಿಯಿಂದ. ‘ಕೆನ್ನಾಯಿ’ಗೆ ತಮಿಳಿನ ‘ಚೆನ್ನಾಯ್’ ನೇರ ಜ್ಞಾತಿ. ‘ಕಿವಿ’-‘ಚೆವಿ’ಗಳಲ್ಲಿ ಕಾಣುವ, ತಾಲವ್ಯ ಸ್ವರದ ಮುಂದಿನ ಕ-ಚ ಸಂವಾದವೇ ಇಲ್ಲಿಯೂ ಇದೆ. ಇಷ್ಟು ಗಟ್ಟಿಯಾದ ಹೆಸರು ಇರುವಾಗ ಪ್ರಾಣಿಯನ್ನು ತೋರಿಸಿ ಕೇಳಿದವನಿಗೆ ‘ತೋಳ’ ಎಂಬ ಉತ್ತರ ಸಿಕ್ಕಿತೆಂದು ನಂಬುವುದು ಕಷ್ಟ.

ಈ ಪ್ರಶ್ನೆಯನ್ನು ಕೇಳಬೇಕಾದ ಜಾಗ ಖಾನಾಪುರ ತಾಲ್ಲೂಕಿನ ಲೋಂಡಾದಂಥ ಊರು. ಗೋವೆಯ ಹಳಿ ಕವಲೊಡೆಯುವ ಈ ಜಂಕ್ಷನ್ನಿನ ಸುತ್ತ ಕನ್ನಡ, ಮರಾಠಿ, ಕೊಂಕಣಿ ಮೂರೂ ನಡೆಯುತ್ತವೆ. ಇದೇ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು, ಅಲ್ಲಿ ಕಾಡುನಾಯಿ ಇದೆ. ಮರಾಠಿಯಲ್ಲಿ ಅದು ‘ಕೋಳಸುಂದಾ’. 1831ರಲ್ಲಿ ಸೈಕ್ಸ್ ದಖ್ಖನಿನ ಕಾಡುನಾಯಿಯನ್ನು ವರ್ಣಿಸಿದಾಗ ಮರಾಠರ ಹೆಸರೆಂದು ‘ಕೋಲ್ಸನ್’ ಅನ್ನು ದಾಖಲಿಸಿದ. 1833ರಲ್ಲಿ ಹಾಡ್ಜ್‌ಸನ್ ನೇಪಾಳದ ‘ಬುವಾನ್ಸು’ವನ್ನು ದಾಖಲಿಸಿದ. ಜನರ ಬಾಯಿಂದ ಬಂದ ಈ ಎರಡೂ ಹೆಸರುಗಳನ್ನು ಇಂಗ್ಲಿಷ್ ಉಳಿಸಿಕೊಳ್ಳಲಿಲ್ಲ. ಉಳಿದದ್ದು ಯಾರೂ ಆಡದ ‘ಡೋಲ್’.

‘ಕೋಳಸುಂದಾ’ದ ಉತ್ತರಾರ್ಧದಲ್ಲಿ ಕೊಂಕಣಿಯ ‘ಸುಣೆಂ’ (ನಾಯಿ) ಅಡಗಿದೆಯೆಂದು ನಮಗೆ ತೋರುತ್ತದೆ. ಪೂರ್ವಾರ್ಧ ನರಿಯ ಹೆಸರಾದ ‘ಕೋಲ್ಹಾ’ವೇ ಎಂಬುದನ್ನು ಗಡಿಭಾಗದ ಉಪಭಾಷಾ ರೂಪಗಳನ್ನು ಕಲೆಹಾಕಿ ತೀರ್ಮಾನಿಸಬೇಕು. ಪ್ರಬಂಧ ವಿಷಯ ಹುಡುಕುತ್ತಿರುವ ಸಂಶೋಧಕರಿಗೆ ಇಲ್ಲಿ ಕೆಲಸವಿದೆ. ‘ಡೋಲ್’ ಕುರಿತು ಮಾತ್ರ, ಹೊಸ ಆಧಾರ ಸಿಗುವವರೆಗೆ, ನಮೂದು ‘ಮೂಲ ಅನಿಶ್ಚಿತ’ ಎಂದಿರಬೇಕು; ‘ತೋಳ’ದ ಹೆಸರನ್ನು ಹೇಳಲೇಬೇಕಿದ್ದರೆ ತಿರಸ್ಕೃತ ಊಹೆಗಳ ಸಾಲಿನಲ್ಲಿ, ತುರ್ಕಿಯ ಪಕ್ಕದಲ್ಲಿ ಹೇಳಬಹುದು.