ಏಳೂವರೆಗೆ ಬಾಗಿಲು ಹಾಕುವ ರಂಗಮಂದಿರ

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ದಾವಣಗೆರೆ-ಹರಿಹರದ ಹುಡುಗ ಹುಡುಗಿಯರನ್ನ 'ರಂಗಶಂಕರಕ್ಕೆ ಹೋಗಿದ್ರಾ?' ಅಂತ ಕೇಳಿ ನೋಡಿ. ಕೆಲವರು ಮೊದಲು ಹೇಳೋದು ಅಲ್ಲಿನ ಸಾಬುದಾನ ವಡೆ ಬಗ್ಗೆ. ಇನ್ನು ಕೆಲವರು ಹೇಳೋದು ತಮ್ಮನ್ನ ಒಳಗೆ ಬಿಡದ ಕಥೆ. ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡ್ವಿ, ಐದೇ ಐದು ನಿಮಿಷ ಲೇಟು, ಟಿಕೆಟ್ ಕೈಯಲ್ಲಿದ್ರೂ ಬಾಗಿಲು ತೆಗೀಲಿಲ್ಲ ಅಂತ.

ಆ ಮುಚ್ಚಿದ ಬಾಗಿಲೇ ಆ ಕಟ್ಟಡದ ಅತ್ಯಂತ ಮುಖ್ಯವಾದ ಭಾಗ ಅನ್ನೋದು ನನ್ನ ವಾದ. ವೇದಿಕೆ, ದೀಪ, ಧ್ವನಿವ್ಯವಸ್ಥೆ ಎಲ್ಲ ದುಡ್ಡಿದ್ದರೆ ಎಲ್ಲಾದರೂ ಸಿಗುತ್ತವೆ. ಹೊತ್ತಿಗೆ ಸರಿಯಾಗಿ ಮುಚ್ಚುವ ಬಾಗಿಲು ಮಾತ್ರ ದುಡ್ಡಿಗೆ ಸಿಗೋದಿಲ್ಲ. 'ನಮ್ಮೂರಿಗೂ ಒಂದು ರಂಗಶಂಕರ ಬೇಕು' ಅನ್ನುವ ಮಾತು ದಾವಣಗೆರೆಯಲ್ಲಿ ಆಗಾಗ ಕೇಳಿಬರುತ್ತೆ. ಅದರಲ್ಲಿ ನಿಜಕ್ಕೂ ಏನು ಬೇಕು ಅಂತ ವಿಚಾರ ಮಾಡೋಕೆ ಆ ಬಾಗಿಲಿಂದಲೇ ಶುರು ಮಾಡಬೇಕು.

ರಂಗಶಂಕರಕ್ಕೂ ನಮಗೂ ಒಂದು ನೋವಿನ ನಂಟಿದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. ಆಗ ಅವರಿಗಿನ್ನೂ 35 ವರ್ಷ. ಹೊರಟಿದ್ದದ್ದು 'ಜೋಕುಮಾರಸ್ವಾಮಿ' ಸಿನಿಮಾದ ಕೆಲಸಕ್ಕೆ. ಅವರ ಹೆಸರಿನಲ್ಲಿ ಅರುಂಧತಿ ನಾಗ್ ಮುಂದೆ ನಿಂತು, ಸಂಕೇತ್ ಟ್ರಸ್ಟ್ ಕಟ್ಟಿ, ಸರ್ಕಾರದಿಂದ ಜಾಗ ಪಡೆದು, ವರ್ಷಗಟ್ಟಲೆ ದುಡ್ಡು ಕೂಡಿಸಿ, 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರದ ಬಾಗಿಲು ತೆರೆದರು. ನಮ್ಮೂರಿನ ಹೈವೇಯಲ್ಲಿ ನಿಂತುಹೋದ ಒಂದು ಪ್ರಯಾಣ, ಹದಿನಾಲ್ಕು ವರ್ಷ ಆದಮೇಲೆ ಬೆಂಗಳೂರಿನಲ್ಲಿ ಒಂದು ಕಟ್ಟಡವಾಯಿತು. ಆನಗೋಡು ದಾಟುವಾಗ ಬಸ್ಸಿನ ಕಿಟಕಿಯಿಂದ ಕೈಮುಗಿಯೋರು ಇವತ್ತಿಗೂ ಇದ್ದಾರೆ. ಆದರೆ ಆ ಮನುಷ್ಯ ನಂಬಿದ್ದ ಕೆಲಸಕ್ಕೆ ಈ ಊರಲ್ಲಿ ಜಾಗ ಎಲ್ಲಿದೆ ಅಂತ ಕೇಳೋರು ಕಮ್ಮಿ.

ರಂಗಶಂಕರಕ್ಕಿಂತ ಮುಂಚೆ ಬೆಂಗಳೂರಿನಲ್ಲಿ ನಾಟಕದ ಮನೆ ಅಂದ್ರೆ ರವೀಂದ್ರ ಕಲಾಕ್ಷೇತ್ರ. 1961 ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ವರ್ಷ. ಆ ನೆಪದಲ್ಲಿ ದೇಶದ ಬೇರೆ ಬೇರೆ ರಾಜ್ಯಗಳ ರಾಜಧಾನಿಗಳಲ್ಲಿ ರಂಗಮಂದಿರಗಳು ಎದ್ದವು. ಹೈದರಾಬಾದಿನ ರವೀಂದ್ರ ಭಾರತಿ, ಕೋಲ್ಕತ್ತದ ರವೀಂದ್ರ ಸದನ, ಚಂಡೀಗಢದ ಟ್ಯಾಗೋರ್ ಥಿಯೇಟರ್ ಎಲ್ಲ ಆ ಸಾಲಿನವು. ಜೆ.ಸಿ. ರಸ್ತೆಯ ನಮ್ಮ ಕಲಾಕ್ಷೇತ್ರ ಶುರುವಾದದ್ದು 1963ರಲ್ಲಿ. ಇದರಲ್ಲಿ ಒಂದು ತಮಾಷೆ ಇದೆ. ಚಿತ್ರ ಬರೆದ ಪರದೆ, ಭಾರೀ ರಂಗಸಜ್ಜಿಕೆ ಇವೆಲ್ಲ ನಾಟಕಕ್ಕೆ ಹೊರೆ ಅಂತ ಠಾಕೂರರು ಹಿಂದೆಯೇ ಪ್ರಬಂಧ ಬರೆದಿದ್ದರು. ಬಂಗಾಳದ ಜಾತ್ರಾದಲ್ಲಿ ನಟನಿಗೂ ನೋಡುಗನಿಗೂ ನಡುವೆ ಗೋಡೆ ಇಲ್ಲ ಅನ್ನೋದು ಅವರಿಗೆ ಇಷ್ಟವಾಗಿತ್ತು. ಅಂಥವರ ನೆನಪಿಗೆ ನಾವು ಕಟ್ಟಿದ್ದು ಎತ್ತರದ ವೇದಿಕೆ, ಭಾರೀ ಪರದೆ, ಸಾಲು ಸಾಲು ಕುರ್ಚಿ!

ಆ ಕಟ್ಟಡಕ್ಕೆ ಸರಿಯಾದ ಉತ್ತರ ಕೊಟ್ಟದ್ದು 1972ರಲ್ಲಿ ಬಿ.ವಿ. ಕಾರಂತರು. ಅವರು ಆಡಿಸಿದ 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ನಾಟಕಗಳು ನಡೆದದ್ದು ಕಲಾಕ್ಷೇತ್ರದ ಒಳಗಲ್ಲ, ಅದರ ಹಿಂದಿನ ಬಯಲಲ್ಲಿ. ಕನ್ನಡದ ಹವ್ಯಾಸಿ ರಂಗಭೂಮಿಯ ದಿಕ್ಕು ಬದಲಾದದ್ದು ಅಲ್ಲಿಂದ ಅಂತ ರಂಗಭೂಮಿಯವರು ಈಗಲೂ ಹೇಳ್ತಾರೆ. ಒಳಗೆ ಅಷ್ಟು ದೊಡ್ಡ ಸಭಾಂಗಣ ಇಟ್ಟುಕೊಂಡು ಹೊರಗೆ ಯಾಕೆ ಹೋದರು? ಆ ನಾಟಕಗಳಿಗೆ ಕುರ್ಚಿಯ ಶಿಸ್ತಿಗಿಂತ ಬಯಲಿನ ಸಲುಗೆ ಬೇಕಿತ್ತು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಂತೂ ನಮ್ಮ ಸೀಮೆಯ ಸರಕು. ಗಣಪತಿ ಹೋದ ಮೇಲೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಜೋಕುಮಾರನನ್ನ ಕೂರಿಸಿಕೊಂಡು ಹೆಣ್ಣುಮಕ್ಕಳು ಹಾಡ್ತಾ ಮನೆಮನೆಗೆ ಬರೋದನ್ನ ಹಳ್ಳಿ ಕಡೆಯವರೆಲ್ಲ ನೋಡಿರ್ತೀರಿ. ಆ ಆಚರಣೆ, ಆ ಬಯಲಾಟದ ಮಟ್ಟು ಬೆಂಗಳೂರಿಗೆ ಹೋಗಿ 'ಆಧುನಿಕ ನಾಟಕ' ಅನ್ನಿಸಿಕೊಂಡಿತು. ಇದನ್ನ ದೂರಿನ ಹಾಗೆ ಹೇಳ್ತಿಲ್ಲ. ಒಳ್ಳೆ ಸರಕು ಎಲ್ಲಿ ಹುಟ್ಟುತ್ತೆ, ಅದಕ್ಕೆ ಅಂಗಡಿ ಎಲ್ಲಿ ಇರುತ್ತೆ ಅನ್ನೋದು ಬೇರೆ ಬೇರೆ ಅಂತಷ್ಟೇ ಹೇಳ್ತಿದ್ದೀನಿ.

ಈಗ ಕಲಾಕ್ಷೇತ್ರ ಅಂದ್ರೆ ಬರೀ ಒಂದು ಸಭಾಂಗಣ ಅಲ್ಲ. ಹಿಂದೆ ಸಂಸ ಬಯಲು ರಂಗಮಂದಿರ ಇದೆ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ ಇದೆ. ನಾಟಕ, ನೃತ್ಯ, ಯಕ್ಷಗಾನ, ಪುಸ್ತಕ ಬಿಡುಗಡೆ, ಸಂಘದ ವಾರ್ಷಿಕೋತ್ಸವ, ಅಭಿನಂದನಾ ಸಮಾರಂಭ ಯಾವುದಕ್ಕೂ ಇಲ್ಲ ಅನ್ನೋದಿಲ್ಲ. ಅದೇ ಅದರ ದೊಡ್ಡ ಗುಣ. ಜಿಲ್ಲೆಯಿಂದ ಬಂದ ಒಂದು ಸಣ್ಣ ತಂಡವೂ 'ಕಲಾಕ್ಷೇತ್ರದಲ್ಲಿ ಆಡಿದ್ವಿ' ಅಂತ ಹೇಳಿಕೊಳ್ಳಬಹುದು. ಆದರೆ ಎಲ್ಲರಿಗೂ ಸೇರಿದ ಜಾಗಕ್ಕೆ ತನ್ನದೇ ಆದ ರುಚಿ ಬೆಳೆಯೋದು ಕಷ್ಟ. ಇವತ್ತು ಸಂಜೆ ಅಲ್ಲಿಗೆ ಹೋದರೆ ನಾಟಕ ಇರುತ್ತೋ ಸನ್ಮಾನ ಇರುತ್ತೋ ಅಂತ ಮೊದಲೇ ವಿಚಾರಿಸಬೇಕು. ನಾಟಕವೇ ಇದ್ದರೂ ಅದಕ್ಕೆ ಮುಂಚೆ ಉದ್ಘಾಟನೆ, ಅದರೊಳಗೆ ಸ್ವಾಗತ, ಹಾರ, ನೆನಪಿನ ಕಾಣಿಕೆ. ನಟರು ಬಣ್ಣ ಹಚ್ಚಿಕೊಂಡು ಪರದೆ ಹಿಂದೆ ಬೆವರ್ತಾ ಕೂತಿರ್ತಾರೆ.

ರಂಗಶಂಕರ ಕೆಲಸ ಮಾಡಿದ್ದು ಇಲ್ಲಿ. ಕಟ್ಟಡ ದೊಡ್ಡದಲ್ಲ, ಸುಮಾರು 320 ಸೀಟು. ವಾಸ್ತುಶಿಲ್ಪಿ ಶಾರೂಖ್ ಮಿಸ್ತ್ರಿ ಅದನ್ನ ನಾಟಕಕ್ಕೆ ಅಂತಲೇ ಮಾಡಿದರು. ಕಡೇ ಸಾಲಿನಲ್ಲಿ ಕೂತರೂ ನಟನ ಹುಬ್ಬು ಹಾರಿದ್ದು ಕಾಣುತ್ತೆ. ಆದರೆ ಕಟ್ಟಡಕ್ಕಿಂತ ಮುಖ್ಯ ಅದರ ಕಟ್ಟುಪಾಡು. ಸೋಮವಾರ ರಜೆ, ಉಳಿದ ದಿನ ನಾಟಕ. ಹೇಳಿದ ಹೊತ್ತಿಗೆ ಶುರು, ತಡವಾಗಿ ಬಂದವರಿಗೆ ಪ್ರವೇಶ ಇಲ್ಲ. ತಂಡಗಳಿಗೆ ಬಾಡಿಗೆ ಕಮ್ಮಿ, ನೋಡುವವರಿಗೆ ಟಿಕೆಟ್ ಕೈಗೆಟುಕುವಂತೆ. ಇಷ್ಟನ್ನ ಎರಡು ದಶಕ ಬಿಡದೆ ಪಾಲಿಸಿದ್ದರ ಫಲ ಏನಂದ್ರೆ, 'ಇವತ್ತು ಯಾವ ನಾಟಕ?' ಅಂತ ಗೊತ್ತಿಲ್ಲದೆಯೂ ಜನ ಅಲ್ಲಿಗೆ ಹೋಗ್ತಾರೆ. ಅವರು ನಂಬೋದು ಆ ಜಾಗವನ್ನ. ಹೀಗೆ ನಂಬಿಸೋಕೆ ಸಿಮೆಂಟು ಸಾಲದು, ದಿನಚರಿ ಬೇಕು.

ಹಾಗಂತ ರಂಗಶಂಕರವನ್ನ ಪೂಜೆಗೆ ಇಡಬೇಕಿಲ್ಲ. ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯಲ್ಲಿರುವ ಆ ಜಾಗಕ್ಕೆ ಪೀಣ್ಯದಲ್ಲಿ ಶಿಫ್ಟ್ ಮುಗಿಸಿದವನು ಏಳೂವರೆಗೆ ತಲುಪೋಕಾಗಲ್ಲ. ಹೊತ್ತು ಪಾಲಿಸೋದು ಶಿಸ್ತು ಹೌದು, ಆದರೆ ಆ ಶಿಸ್ತು ತನ್ನ ಸಂಜೆಗೆ ತಾನೇ ಒಡೆಯನಾದವನಿಗೆ ಮಾತ್ರ ಸುಲಭ. ಇನ್ನೊಂದು ಕೊರತೆ ರುಚಿಯದ್ದು. ಕಂಪನಿ ನಾಟಕದ ಬಣ್ಣದ ಪರದೆ, ಮೈಕು ಹಿಡಿದು ಹೊಡೆಯುವ ಡೈಲಾಗು, ನಡುವೆ ಒನ್ಸ್ ಮೋರ್, ಮೂರು ಮೂರೂವರೆ ಗಂಟೆಯ ಆಟ ಇವು ಆ ಮರ್ಯಾದಸ್ಥ ಸಣ್ಣ ವೇದಿಕೆಗೆ ಒಗ್ಗೋದಿಲ್ಲ. ಮಾತು ಸಣ್ಣದಾದರೂ ಕೇಳುವ ಹಾಗೆ ಕಟ್ಟಿದ ಜಾಗ, ಮಾತು ದೊಡ್ಡದಾದ ನಾಟಕಕ್ಕೆ ಇಕ್ಕಟ್ಟಾಗುತ್ತೆ. ಕನ್ನಡ ರಂಗಭೂಮಿಯ ಅರ್ಧ ಚರಿತ್ರೆ ಇರೋದು ಆ ದೊಡ್ಡ ಮಾತಿನಲ್ಲೇ. ಕಾರಂತರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಸೇರಿದ್ದು ಗುಬ್ಬಿ ಕಂಪನಿಯನ್ನ. ಅವರ ರಂಗಸಂಗೀತದ ಬೇರು ಅಲ್ಲಿದೆ.

ಆ ಇನ್ನರ್ಧ ಚರಿತ್ರೆಗೆ ದಾವಣಗೆರೆ ದೊಡ್ಡ ಠಿಕಾಣಿ. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು ಚಿಂದೋಡಿ ಲೀಲಾ ಆ ಕಂಪನಿಯ ಜೀವ. 'ಹಳ್ಳಿ ಹುಡುಗಿ', 'ಪೊಲೀಸನ ಮಗಳು' ಅಂದ್ರೆ ಹಿಂದಿನ ತಲೆಮಾರಿನವರ ಮುಖ ಈಗಲೂ ಅರಳುತ್ತೆ. ಪದ್ಮಶ್ರೀ ಪಡೆದು, ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿ, 2010ರಲ್ಲಿ ತೀರಿಕೊಳ್ಳುವ ತನಕ ಅವರು ಕಂಪನಿ ನಾಟಕದ ಪರವಾಗಿ ಮಾತಾಡ್ತಲೇ ಇದ್ದರು.

ಕಂಪನಿ ಹೇಗೆ ನಡೀತಿತ್ತು ಅಂತ ಸ್ವಲ್ಪ ನೋಡಿ. ಊರಿಗೆ ಬಂದು ಕ್ಯಾಂಪ್ ಹಾಕಿದರೆ ಒಂದು ಬಯಲು, ಸುತ್ತ ತಗಡು, ಒಳಗೆ ನೆಲ, ಗ್ಯಾಲರಿ, ಕುರ್ಚಿ. ಒಂದೊಂದಕ್ಕೂ ಒಂದೊಂದು ರೇಟು. ದಿನಾ ಆಟ. ಸಂಜೆ ಜಟಕಾದಲ್ಲೋ ಆಟೋದಲ್ಲೋ ಮೈಕು ಕಟ್ಟಿ ಊರೆಲ್ಲ ಸಾರೋದು. ಕಲೆಕ್ಷನ್ ಇದ್ದಷ್ಟು ದಿನ ಆ ಊರು. ಬಿದ್ದಾಗ ನಾಟಕ ಬದಲು, ಆಗಲೂ ಬರದಿದ್ದರೆ ತಗಡು ಬಿಚ್ಚಿ ಮುಂದಿನ ಕ್ಯಾಂಪ್. ಶಿರಸಿಯ ಮಾರಿಕಾಂಬಾ ಜಾತ್ರೆ, ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗಳಲ್ಲಿ ಒಂದರ ಪಕ್ಕ ಒಂದು ಕಂಪನಿ ನಿಂತು ರಾತ್ರಿಯೆಲ್ಲ ಆಡೋದನ್ನ ಈಗಲೂ ನೋಡಬಹುದು.

ದಿನಾ ಆಟ, ಕೈಗೆಟುಕುವ ಟಿಕೆಟು, ಜಾಗದ ಮೇಲೆ ಜನರ ನಂಬಿಕೆ. ರಂಗಶಂಕರದ ಮುಖ್ಯ ಕಟ್ಟುಪಾಡೆಲ್ಲ ತಗಡಿನ ಥಿಯೇಟರಿನಲ್ಲಿ ಇತ್ತು. ಇಲ್ಲದ್ದು ಕಟ್ಟಡ ಒಂದೇ. ಈಗ ಲೆಕ್ಕ ತಿರುಗಿದೆ. ದಾವಣಗೆರೆಯಲ್ಲಿ ಸಭಾಂಗಣಗಳಿಗೆ ಬರ ಇಲ್ಲ. ಭವನ ಇವೆ, ಕಲ್ಯಾಣ ಮಂಟಪ ಇವೆ, ಕಾಲೇಜುಗಳ ಏಸಿ ಹಾಲುಗಳಿವೆ. ಆದರೆ ಮುಂದಿನ ಬುಧವಾರ ಸಂಜೆ ಎಲ್ಲಿ ಯಾವ ನಾಟಕ ಅಂತ ಕೇಳಿದರೆ ಉತ್ತರ ಇಲ್ಲ. ಮೊದಲು ನಾಟಕ ಇತ್ತು, ಮನೆ ಇರಲಿಲ್ಲ. ಈಗ ಮನೆಗಳಿವೆ, ನಾಟಕ ಬಾಡಿಗೆದಾರ.

ಇದನ್ನ ಇನ್ನೂ ಹಳೆಯ ಕಣ್ಣಿಂದ ನೋಡೋಕೆ ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರಕ್ಕೆ ಹೋಗಬಹುದು. ಹರಿಹರೇಶ್ವರ ದೇವಸ್ಥಾನವನ್ನ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಅದಕ್ಕೆ ಇನ್ನಷ್ಟು ಸೇರಿಸಿದ. ನಮ್ಮ ಹಳೆಯ ದೇವಸ್ಥಾನಗಳಲ್ಲಿ ಕಂಬಗಳ ಆ ನಡುಮನೆಗೆ ನವರಂಗ, ರಂಗಮಂಟಪ ಅಂತಲೇ ಹೆಸರು. ಅಲ್ಲಿ ದಿನದ ಸೇವೆ ಮೊದಲು ಗೊತ್ತಾಗಿರುತ್ತೆ, ಅದಕ್ಕೆ ತಕ್ಕಂತೆ ಕಲ್ಲು ಬರುತ್ತೆ. ನಾವೋ, ಮೊದಲು ಕಟ್ಟಡ ಕಟ್ಟಿ ಆಮೇಲೆ 'ಏನ್ ಮಾಡೋಣ?' ಅಂತ ಸಮಿತಿ ಮಾಡ್ತೀವಿ.

ಹಾಗಾದರೆ ಏನು ಕೇಳಬೇಕು? ವೃತ್ತಿ ರಂಗಭೂಮಿಗೆ ಅಂತಲೇ ಒಂದು ರಂಗಾಯಣ ಈಗ ದಾವಣಗೆರೆಯಲ್ಲಿದೆ. ಒಳ್ಳೆಯದಾಯಿತು. ಮೈಸೂರಿನಲ್ಲಿ 1989ರಲ್ಲಿ ಕಾರಂತರ ಕೈಯಲ್ಲಿ ಶುರುವಾದ ರಂಗಾಯಣಕ್ಕೆ ಹೆಸರು ಬಂದದ್ದು ದಿನಾ ತಾಲೀಮು ಮಾಡುವ, ತಿಂಗಳ ಸಂಬಳ ಇರುವ ಕಲಾವಿದರ ತಂಡ ಇತ್ತು ಅನ್ನುವ ಕಾರಣಕ್ಕೆ. ಇಲ್ಲೂ ಮೊದಲು ಬೇಕಾದ್ದು ಜನ, ಆಮೇಲೆ ಗೋಡೆ. ಗೋಡೆ ಕಟ್ಟುವ ದಿನ ಬಂದರೆ ರಂಗಶಂಕರದ ನಕಲು ಬೇಡ. ಸೀಟು ಮುನ್ನೂರರ ಆಸುಪಾಸು ಸಾಕು, ಆದರೆ ಕಂಪನಿಯ ಪರದೆಗಳು ಮೇಲೇರಿ ಇಳಿಯುವಷ್ಟು ಎತ್ತರ ಇರಲಿ, ಹಾರ್ಮೋನಿಯಂ ಮಾಸ್ತರರಿಗೆ ವೇದಿಕೆ ಮುಂದೆ ಜಾಗ ಇರಲಿ. ದೀಪದ ಕೆಲಸ ಗೊತ್ತಿರುವ ಒಬ್ಬರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಹರಿಹರಕ್ಕೆ ಕಡೇ ಬಸ್ ಹೋಗುವ ಮುಂಚೆ ಆಟ ಮುಗಿಯಲಿ. ವರ್ಷದ ಪಟ್ಟಿ ಯುಗಾದಿಗೇ ಗೋಡೆ ಮೇಲೆ ಬರಲಿ. ಮುಖ್ಯ ಅತಿಥಿಗಳು ಬರಲಿ, ಟಿಕೆಟ್ ತಗೊಂಡು ಬರಲಿ, ಹೊತ್ತಿಗೆ ಸರಿಯಾಗಿ ಬರಲಿ.

ಕಡೆಯ ಸಾಲೇ ಎಲ್ಲಕ್ಕಿಂತ ಕಷ್ಟದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜಿಲ್ಲಾ ಕೇಂದ್ರದಲ್ಲಿ ಬಾಗಿಲು ಕಾಯುವವನು 'ನಾಟಕ ಶುರುವಾಯ್ತು ಸರ್, ನಾಳೆ ಬನ್ನಿ' ಅಂತ ಒಬ್ಬ ದೊಡ್ಡ ಮನುಷ್ಯರಿಗೆ ಹೇಳಿ ಮಾರನೇ ದಿನವೂ ಅದೇ ಕೆಲಸದಲ್ಲಿ ಇರಬೇಕಾದರೆ, ಅವನ ಹಿಂದೆ ಒಂದು ಊರು ನಿಂತಿರಬೇಕು. ಊರು ಅಂದ್ರೆ ಟಿಕೆಟ್ ತಗೊಂಡು ಒಳಗೆ ಕೂತವರು. ಬೆಂಗಳೂರಿನಲ್ಲಿ ಏಳೂವರೆಯ ಶಿಸ್ತು ಕಲಿತು ವಾರಾಂತ್ಯಕ್ಕೆ ಊರಿಗೆ ಬರುವ, ಇಲ್ಲೇ ಉಳಿದು ಬ್ಯಾಂಕಲ್ಲೋ ಆಸ್ಪತ್ರೆಯಲ್ಲೋ ದುಡಿಯುವ ನಮ್ಮ ವಯಸ್ಸಿನವರು ಆ ಪೈಕಿ ಎಷ್ಟು ಜನ ಇರ್ತೀವಿ ಅನ್ನೋದರ ಮೇಲೆ ಇದೆಲ್ಲ ನಿಂತಿದೆ. ಭಾನುವಾರ ಯಾವ ಹಾಲೂ ತುಂಬುತ್ತೆ ಬಿಡಿ. ಮಂಗಳವಾರ ಸಂಜೆ, ಮಂಡಕ್ಕಿ-ಮಿರ್ಚಿ ಮುಗಿಸಿ, ಹೆಸರು ಗೊತ್ತಿಲ್ಲದ ತಂಡದ ಹೊಸ ನಾಟಕಕ್ಕೆ ನೂರು ಜನ ಬಂದು ಕೂತರೆ, ಆವತ್ತು ದಾವಣಗೆರೆಗೆ ರಂಗಮಂದಿರ ಬಂತು ಅಂತ ಅರ್ಥ.