ಎರಡು ನ್ಯಾನೋಮೀಟರ್ ಲೇಪಕ್ಕೆ ಮಲೆನಾಡಿನ ಮಳೆ

ಪಾಲಿಮರ್ ಸೌರಕೋಶ ಕೆಟ್ಟಾಗ ಬೆಳಕು ಹೀರುವ ಪದರವನ್ನೇ ದೂರುವುದು ರೂಢಿ. ಎಷ್ಟೋ ಸಲ ಕೇಡು ಶುರುವಾಗುವುದು ಆ ಪದರಕ್ಕೂ ಎಲೆಕ್ಟ್ರೋಡಿಗೂ ನಡುವೆ ಹಚ್ಚಿದ ತೆಳು ಲೇಪದಲ್ಲಿ. ಧನ ವಿದ್ಯುದಾವೇಶವನ್ನು ದಾಟಿಸಲು ಬಳಸುತ್ತ ಬಂದ ಪೆಡಾಟ್-ಪಿಎಸ್‌ಎಸ್ ಆಮ್ಲೀಯವಾದದ್ದು. ಅಡಿಯಲ್ಲಿರುವ ಇಂಡಿಯಂ-ಟಿನ್ ಆಕ್ಸೈಡನ್ನು ಕೊರೆಯುತ್ತದೆ. ಸಾಲದ್ದಕ್ಕೆ ನೀರನ್ನೂ ಹೀರುತ್ತದೆ: ಅಂಚಿನಿಂದ ನುಸುಳಿದ ತೇವ ಅದರ ಮೂಲಕವೇ ಒಳಗೆ ಹರಡಿ, ಅಲ್ಯುಮಿನಿಯಂ ಎಲೆಕ್ಟ್ರೋಡಿನ ಒಳಮೈಯನ್ನು ಆಕ್ಸೈಡ್ ಆಗಿಸುತ್ತದೆ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಇದು ಸಣ್ಣ ದೋಷವಲ್ಲ. 2010ರಲ್ಲಿ ಮನೀಶ್ ಛೋವಾಲಾ, ಚುನ್-ವೇಯ್ ಚೆನ್ ಮತ್ತು ಸಂಗಡಿಗರು ಆ ಜಾಗದಲ್ಲಿ ಗ್ರಾಫೀನ್ ಆಕ್ಸೈಡ್ ಹಚ್ಚಿ ಸುಮಾರು ಶೇ 3.5ರ ದಕ್ಷತೆ ಪಡೆದರು. ಹಳೆಯ ಲೇಪದ್ದು ಶೇ 3.6. ಆಮ್ಲೀಯ ಲೇಪವನ್ನು ಕೈಬಿಟ್ಟರೂ ಕೋಶ ಸೋಲದು ಎಂದು ತೋರಿಸಿದ ಕೆಲಸವದು, ಮೆಚ್ಚಬೇಕು.

ಆದರೆ ಆ ಫಲ ದೊರೆತದ್ದು ಲೇಪ ಸುಮಾರು 2 ನ್ಯಾನೋಮೀಟರ್ ಇದ್ದಾಗ. ಗ್ರಾಫೀನ್ ಒಳ್ಳೆಯ ವಾಹಕ, ಅದರ ಆಕ್ಸೈಡ್ ಹೆಚ್ಚುಕಡಿಮೆ ನಿರೋಧಕ; ದಪ್ಪ 10 ನ್ಯಾನೋಮೀಟರ್ ಮುಟ್ಟಿದರೆ ದಕ್ಷತೆ ಶೇ 1ರ ಆಸುಪಾಸಿಗೆ ಕುಸಿಯುತ್ತದೆ. ಗಾಜಿನ ಚೂರಿನ ಮೇಲೆ ಇಷ್ಟು ತೆಳುವಾಗಿ ಹಚ್ಚಬಹುದು. ಸುರುಳಿಯಿಂದ ಸುರುಳಿಗೆ ಓಡುವ ಪ್ಲಾಸ್ಟಿಕ್ ಹಾಳೆಯ ಮೇಲೆ ಮೀಟರುಗಟ್ಟಲೆ ಸಮನಾಗಿ ಹಚ್ಚುವುದು ಸುಲಭವೆಂದು ನನಗನ್ನಿಸುವುದಿಲ್ಲ. ಇನ್ನೊಂದು ತೊಡಕು, ವಸ್ತುವನ್ನು ನೀರಿನಲ್ಲಿ ಕದಡಲು ನೆರವಾಗುವ ಆಮ್ಲಜನಕದ ಗುಂಪುಗಳೇ ಮುಂದೆ ತೇವವನ್ನೂ ಸೆಳೆಯುತ್ತವೆ. ಅವನ್ನು ಅಪಕರ್ಷಿಸಿ ತೆಗೆದರೆ ವಾಹಕತೆ ಮರಳುತ್ತದೆ, ಹಾಳೆಗಳು ಗಂಟುಕಟ್ಟುತ್ತವೆ.

ಗಾಜು-ಅಂಟು ಹಾಕಿ ಮುಚ್ಚಿಬಿಟ್ಟರೆ ಈ ಚಿಂತೆ ಯಾಕೆ ಎಂದು ಕೇಳಬಹುದು. ಹಗುರ, ಬಾಗುತ್ತದೆ, ಅಗ್ಗ ಎಂಬುದೇ ಪಾಲಿಮರ್ ಕೋಶದ ಬಂಡವಾಳ. ಗಾಜಿನ ಪೆಟ್ಟಿಗೆಯೊಳಗೆ ಕೂಡಿಟ್ಟ ಮೇಲೆ ಆ ಬಂಡವಾಳದಲ್ಲಿ ಉಳಿಯುವುದು ಕಡಿಮೆ. ಸಿಲಿಕಾನ್ ಇರುವಾಗ ಇದರ ಗೊಡವೆಯೇ ಬೇಡ ಎನ್ನುವವರೂ ಇದ್ದಾರೆ. ಪಾವಗಡದ ಒಣ ಬಯಲಿನಲ್ಲಿ, 2,050 ಮೆಗಾವ್ಯಾಟಿನ ಪಾರ್ಕಿನ ಮಟ್ಟಿಗೆ, ಅವರ ಮಾತು ಸರಿ. ಸಾವಯವ ಕೋಶಗಳು ಮೇಲುಗೈ ತೋರುವುದು ಮಂದ, ಚದುರಿದ ಬೆಳಕಿನಲ್ಲಿ. ಮಲೆನಾಡಿನಲ್ಲಿ ಅಂಥ ಬೆಳಕನ್ನು ತರುವ ಮೋಡವೇ ತೇವವನ್ನೂ ತರುತ್ತದೆ, ಹಾಗಾಗಿ ಲೇಪದ ಗುಣ ಇಲ್ಲಿ ಎರಡನೆಯ ಪ್ರಶ್ನೆಯಾಗಲಾರದು. ಈ ಕ್ಷೇತ್ರದ ಬರವಣಿಗೆ ಇನ್ನೂ ಸಾರಜನಕ ತುಂಬಿದ ಪೆಟ್ಟಿಗೆಯಲ್ಲಿ ತಯಾರಾದ ಕೋಶದ ಮೊದಲ ದಿನದ ದಕ್ಷತೆಯನ್ನೇ ಮುಂದಿಡುತ್ತದೆ. ಸಿಲಿಕಾನ್ ಫಲಕವಾದರೋ 85 ಡಿಗ್ರಿ ಸೆಲ್ಸಿಯಸ್, ಶೇ 85ರ ತೇವದಲ್ಲಿ 1,000 ಗಂಟೆ ಬಾಳಿ ತೋರಿಸಬೇಕು. ಕಾರ್ಬನ್ ಲೇಪದ ಪ್ರಬಂಧಗಳು ಶೇ 3.5ರ ಪಕ್ಕದಲ್ಲಿ, ಮುಚ್ಚಳವಿಲ್ಲದ ಕೋಶ ಅದೇ ತೇವದಲ್ಲಿ ಎಷ್ಟು ಗಂಟೆ ತಾಳಿತೆಂಬುದನ್ನೂ ಅಚ್ಚುಹಾಕಲಿ.