ಫೋನಿನೊಳಗಿನ ಯಂತ್ರ ಎಂಥದ್ದಿರಬೇಕು?

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರ ಕೈಗೇ ಕೊಟ್ಟಿತು. ಹಾಸನದ ಆಲೂಗಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಹೊಳೆನರಸೀಪುರದ ಭತ್ತ, ಚನ್ನರಾಯಪಟ್ಟಣದ ತೆಂಗು ಯಾವುದೇ ಇರಲಿ, ಜಮೀನಿನಲ್ಲೇ ನಿಂತು ಫೋಟೊ ತೆಗೆದು ಆ್ಯಪಿಗೆ ಏರಿಸಬೇಕು. ಮೊಬೈಲಿಗೆ ಎಂಥ ವರ್ಚುವಲ್ ಮಷೀನ್ ಆರಿಸಬೇಕು ಎಂಬ ಚರ್ಚೆ ಬಂದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಇಂಥ ಕೆಲಸಕ್ಕೆ ಒದಗುವ ಅಗ್ಗದ ಆಂಡ್ರಾಯ್ಡ್ ಫೋನು. ದುಬಾರಿ ಫೋನಿನಲ್ಲಿ ಯಾವ ವಿನ್ಯಾಸವಾದರೂ ಓಡುತ್ತದೆ.

ಚಿಪ್ಪುಗಳು ನೂರೆಂಟು ಬಗೆ. ಒಂದೊಂದಕ್ಕೂ ಬೇರೆ ಆ್ಯಪ್ ಬರೆಯಲಾಗದು. ಹಾಗಾಗಿ ಬೈಟ್‌ಕೋಡ್ ಎಂಬ ನಡುವಿನ ರೂಪದಲ್ಲಿ ಆ್ಯಪ್ ಬರುತ್ತದೆ. ಅದನ್ನು ಓದಿ ನಡೆಸುವುದೇ ವರ್ಚುವಲ್ ಮಷೀನ್. ಜಾವಾದ್ದು ಸ್ಟ್ಯಾಕ್ ಮಾದರಿ. ಎರಡು ಸಂಖ್ಯೆ ಕೂಡಿಸಬೇಕೆಂದರೆ ಒಂದನ್ನು ತಂದು ಅಟ್ಟಿಯ ಮೇಲಿಡು, ಇನ್ನೊಂದನ್ನು ಅದರ ಮೇಲಿಡು, ಎರಡನ್ನೂ ತೆಗೆದು ಕೂಡಿಸು, ಬಂದ ಮೊತ್ತವನ್ನು ಅದರ ಖಾನೆಗೆ ಹಾಕು: ನಾಲ್ಕು ಆದೇಶ. ಡ್ಯಾನ್ ಬೋರ್ನ್‌ಸ್ಟೈನ್ ಆಂಡ್ರಾಯ್ಡಿಗಾಗಿ ಕಟ್ಟಿದ ಡಾಲ್ವಿಕ್ ರಿಜಿಸ್ಟರ್ ಮಾದರಿಯದು. ಈ ಖಾನೆಯದನ್ನೂ ಆ ಖಾನೆಯದನ್ನೂ ಕೂಡಿಸಿ ಮೂರನೆಯದರಲ್ಲಿಡು ಎಂದು ಒಂದೇ ಆದೇಶ. ಇದರ ಸೊಗಸು ನೋಡಿ: ಆ ನಾಲ್ಕು ಚಿಕ್ಕ ಆದೇಶಗಳು ಹಿಡಿಯುವುದು 4 ಬೈಟು, ಈ ಒಂದು ಆದೇಶ ಹಿಡಿಯುವುದೂ 4 ಬೈಟು. ಆದರೆ ಓದಿ ಬಿಡಿಸುವ ಶ್ರಮ ನಾಲ್ಕರಿಂದ ಒಂದಕ್ಕೆ ಇಳಿಯಿತು! ಎಲ್ಲ ಕಡೆಯೂ ಲೆಕ್ಕ ಇಷ್ಟು ಚೊಕ್ಕವಾಗಿರುವುದಿಲ್ಲ. 2005ರಲ್ಲಿ ಸಂಶೋಧಕ ಡೇವಿಡ್ ಗ್ರೆಗ್ ಮತ್ತು ಸಂಗಡಿಗರು ಅಳೆದಾಗ ರಿಜಿಸ್ಟರ್ ಮಾದರಿಯಲ್ಲಿ ನಡೆಸಬೇಕಾದ ಆದೇಶಗಳು ಸರಾಸರಿ ಶೇ 47ರಷ್ಟು ತಗ್ಗಿದವು, ಬೈಟ್‌ಕೋಡ್ ಶೇ 25ರಷ್ಟು ಉಬ್ಬಿತು. ಬಡಕಲು ಪ್ರೊಸೆಸರಿನ ಫೋನಿಗೆ ಇದು ಲಾಭದ ವ್ಯಾಪಾರವೇ.

ಯಾವಾಗ ಕಂಪೈಲ್ ಮಾಡಬೇಕು, ಅಂದರೆ ಬೈಟ್‌ಕೋಡನ್ನು ಯಾವಾಗ ಚಿಪ್ಪಿನ ಭಾಷೆಗೆ ಬದಲಿಸಬೇಕು ಎಂಬುದು ಇದಕ್ಕಿಂತ ಕಠಿಣವಾದ ಆಯ್ಕೆ. 2014ರ ಆಂಡ್ರಾಯ್ಡ್ 5.0 ಡಾಲ್ವಿಕ್ ಅನ್ನು ಬಿಟ್ಟು ಎಆರ್‌ಟಿ ಎಂಬ ಹೊಸ ಯಂತ್ರವನ್ನು ತಂದಿತು. ಆ್ಯಪ್ ಹಾಕಿಕೊಳ್ಳುವಾಗಲೇ ಪೂರ್ತಿ ಕಂಪೈಲ್. ಆ್ಯಪ್ ಚುರುಕಾಗಿ ತೆರೆಯಿತು ನಿಜ. ಇನ್‌ಸ್ಟಾಲ್ ನಿಧಾನವಾಯಿತು, ಸ್ಟೋರೇಜ್ ತುಂಬಿತು. ಒಂದು ಹಂಗಾಮಿನಲ್ಲಿ ನಾಲ್ಕು ಸಲ ತೆರೆಯುವ ಸಮೀಕ್ಷೆಯಂಥ ಆ್ಯಪನ್ನು ಇಡಿಯಾಗಿ ಕಂಪೈಲ್ ಮಾಡಿಟ್ಟುಕೊಂಡರೆ, ಆ ಜಾಗದಲ್ಲಿ ಕೂರಬೇಕಾದ ಮಕ್ಕಳ ಫೋಟೊ ಅಳಿಸಬೇಕಾಗುತ್ತದೆ.

2016ರ ಆಂಡ್ರಾಯ್ಡ್ 7.0 ಇದನ್ನು ತಿದ್ದಿತು. ಮೊದಲು ಬೈಟ್‌ಕೋಡನ್ನು ಹಾಗೇ ಓದಿ ನಡೆಸುವುದು, ಪದೇ ಪದೇ ಬರುವ ಭಾಗವನ್ನು ಓಡುತ್ತಿರುವಾಗಲೇ ಕಂಪೈಲ್ ಮಾಡುವುದು, ಅಂಥ ಭಾಗಗಳ ಪಟ್ಟಿ ಇಟ್ಟುಕೊಂಡು, ಫೋನು ಚಾರ್ಜಿನಲ್ಲಿ ಸುಮ್ಮನಿರುವಾಗ ಅಷ್ಟನ್ನು ಮಾತ್ರ ಕಂಪೈಲ್ ಮಾಡಿ ಉಳಿಸಿಕೊಳ್ಳುವುದು. ನನಗೆ ಗೊತ್ತಿರುವ ವಿನ್ಯಾಸಗಳಲ್ಲಿ ಚಿಕ್ಕ ಫೋನಿಗೆ ಇದಕ್ಕಿಂತ ಒಪ್ಪುವುದು ಇಲ್ಲ. ಬಳಸುವವರ ರೂಢಿ ನೋಡಿಕೊಂಡು ಕೆಲಸ ಮಾಡುವ ಯಂತ್ರ ಇದು.

ಒಂದು ಕೋರಿಕೆ. ಚಾರ್ಜಿಗೆ ಹಾಕಿಕೊಂಡೇ ವಿಡಿಯೊ ನೋಡುತ್ತಿದ್ದರೆ ಈ ಕಂಪೈಲ್ ಕೆಲಸಕ್ಕೆ ಬಿಡುವೇ ಸಿಗದು. ಕರೆಂಟು ಇರುವ ಹೊತ್ತು ನೋಡಿ, ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ಮುಟ್ಟದೆ ಬಿಡಿ.